ಖಜಾಂಚಿಯ ಲೆಕ್ಕ: ಥೆರಪಿಸ್ಟರ ಸಂಘದ ಬಾಗಿಲು ಅಗಲ ಮಾಡುವುದು ಹೇಗೆ

ನಾನು ರಾಯಚೂರಿನಲ್ಲಿ ಆಪ್ತಸಮಾಲೋಚಕಿ. ಸ್ಟೇಷನ್ ರಸ್ತೆ ಕಡೆ ಒಂದು ಸಣ್ಣ ಕೋಣೆ, ಎರಡು ಕುರ್ಚಿ, ಒಂದು ಕೂಲರ್. ನಮ್ಮ ಭಾಗದ ಥೆರಪಿಸ್ಟರು, ಸಮಾಲೋಚಕರು ಸೇರಿ ಕಟ್ಟಿಕೊಂಡ ಸಂಘಕ್ಕೆ ನಾಲ್ಕು ವರ್ಷ ಖಜಾಂಚಿ ಆಗಿದ್ದೆ. ಹಾಗಾಗಿ "ಸಮಾನತೆ", "ಎಲ್ಲರನ್ನೂ ಒಳಗೊಳ್ಳೋಣ" ಅಂತ ಯಾರಾದರೂ ಭಾಷಣ ಶುರು ಮಾಡಿದರೆ ನನ್ನ ಕೈ ರಸೀದಿ ಪುಸ್ತಕದ ಕಡೆ ಹೋಗುತ್ತದೆ. ಯಾರು ಒಳಗಿದ್ದಾರೆ, ಯಾರು ಸದ್ದಿಲ್ಲದೆ ಎದ್ದು ಹೋದರು ಅನ್ನೋದು ಮೊದಲು ಕಾಣೋದು ಅಲ್ಲೇ. ನಿಮ್ಮ ಸಂಘದಲ್ಲೂ ಈ ಕೆಲಸ ಶುರು ಮಾಡಬೇಕು ಅಂತಿದ್ದರೆ ಸಮಿತಿ ಮಾಡೋದು, ಬ್ಯಾನರ್ ಬರೆಸೋದು ಆಮೇಲೆ. ಮೊದಲು ರಸೀದಿ ಪುಸ್ತಕ ತೆಗೆಯಿರಿ.

ಮೂರು ವರ್ಷದ ಪುಸ್ತಕ ಸಾಕು. ಚಂದಾ ಕಟ್ಟಿ, ಮರು ವರ್ಷ ಕಟ್ಟದೆ ಬಿಟ್ಟವರ ಪಟ್ಟಿ ಮಾಡಿ. ಒಬ್ಬೊಬ್ಬರಿಗೂ ಫೋನ್ ಮಾಡಿ. "ಯಾಕೆ ಬಿಟ್ಟಿರಿ?" ಅಂತ ಕೇಳಬೇಡಿ, "ಏನಿಲ್ಲ ಮೇಡಂ, ಟೈಮ್ ಆಗಲಿಲ್ಲ" ಅನ್ನುತ್ತಾರೆ. "ಕೊನೆಯ ಸಲ ಸಭೆಗೆ ಬಂದಾಗ ಏನಾಯ್ತು?" ಅಂತ ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ. ಅದು ನಮ್ಮ ಕಸುಬೇ ತಾನೇ?

ನಾನು ಹನ್ನೊಂದು ಜನಕ್ಕೆ ಮಾಡಿದೆ. ದೇವದುರ್ಗದ ಒಬ್ಬಳು, ಕೂಸು ಬಿಟ್ಟು ಬೆಳಿಗ್ಗೆ ಹೊರಟರೆ ಮನೆ ಸೇರೋದು ರಾತ್ರಿ ಅಂದಳು. ಗಾಲಿಕುರ್ಚಿ ಬಳಸುವ ಒಬ್ಬ ಸಹೋದ್ಯೋಗಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಎರಡನೇ ಮಹಡಿ ಹಾಲ್ ಹಿಡಿದಿರಿ. ನಾಲ್ಕು ಜನ ಎತ್ತಿಕೊಂಡು ಹೋಗ್ತೀವಿ ಅಂದಿರಿ. ನಾನೇನು ಜೋಳದ ಚೀಲವಾ?" ಆ ಹಾಲ್ ಬುಕ್ ಮಾಡಿದ್ದು ನಾನೇ. ಬಾಡಿಗೆ ಕಡಿಮೆ ಇತ್ತು. ಇನ್ನೊಬ್ಬ ಹುಡುಗ ಬಹಳ ಹೊತ್ತು ಸುಮ್ಮನಿದ್ದು, ಊಟದ ಸಾಲಿನಲ್ಲಿ ಹಿರಿಯ ಸದಸ್ಯರೊಬ್ಬರು "ನೀವು ಯಾರ ಪೈಕಿ?" ಅಂತ ಕೇಳಿದ್ದನ್ನು ಹೇಳಿದ. ಉತ್ತರ ಕೇಳಿದ ಮೇಲೆ ಅವರು ಬೇರೆ ಕಡೆ ಹೋಗಿ ಕೂತರಂತೆ. ನಮ್ಮ ಕಡೆ ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು.

ಈಗ ದುಡ್ಡಿನ ವಿಷಯ. ಎಲ್ಲರಿಗೂ ಒಂದೇ ಚಂದಾ ಅನ್ನೋದು ನೋಡಲು ನ್ಯಾಯ. ಬಳ್ಳಾರಿಯಲ್ಲಿ ದೊಡ್ಡ ಕ್ಲಿನಿಕ್ ಇರುವವರಿಗೂ ಲಿಂಗಸುಗೂರಿನಲ್ಲಿ ಎನ್‌ಜಿಓ ಸಂಬಳದಲ್ಲಿ ಇರುವವರಿಗೂ ಒಂದೇ ಮೊತ್ತ ಅಂದರೆ ಅದು ನ್ಯಾಯ ಅಲ್ಲ. ಮೂರು ಹಂತ ಮಾಡಿ. ಯಾವ ಹಂತ ಅನ್ನೋದನ್ನು ಸದಸ್ಯರೇ ಬರೆಯಲಿ, ಸಂಬಳದ ಚೀಟಿ ಕೇಳಬೇಡಿ. ಯಾರು ಎಷ್ಟು ಕಟ್ಟಿದರು ಅನ್ನೋದು ಖಜಾಂಚಿ ಬಿಟ್ಟು ಬೇರೆಯವರಿಗೆ ಗೊತ್ತಾಗಬಾರದು. ಸುಳ್ಳು ಹೇಳುತ್ತಾರೆ ಅಂತ ಹೆದರಿಸಿದರು. ಒಬ್ಬಿಬ್ಬರು ಹೇಳಿರಬಹುದು. ಹೇಳಲಿ ಬಿಡಿ.

2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಹೆಣ್ಣು ಸದಸ್ಯರಿಗೆ ಬಸ್ ಚಾರ್ಜ್ ಇಲ್ಲ. ಆ ಉಳಿದ ದುಡ್ಡನ್ನು ಸಭೆಯ ದಿನ ಮಕ್ಕಳನ್ನು ನೋಡಿಕೊಳ್ಳುವ ಒಬ್ಬ ಆಯಾಗೆ ಕೊಟ್ಟೆವು. ದೇವದುರ್ಗದವಳು ಕೂಸಿನ ಜೊತೆಗೇ ಬಂದಳು. ಚಂದಾಕ್ಕಿಂತ ದೊಡ್ಡ ಗೋಡೆ ಸೂಪರ್ವಿಷನ್, ಅಂದರೆ ನಮ್ಮ ಕೇಸುಗಳನ್ನು ಅನುಭವಿ ಥೆರಪಿಸ್ಟರ ಮುಂದಿಟ್ಟು ಸಲಹೆ ಪಡೆಯೋದು. ಅನುಭವಿ ಸೂಪರ್ವೈಸರ್‌ಗಳು ಜಾಸ್ತಿ ಬೆಂಗಳೂರಿನಲ್ಲಿ ಇದ್ದಾರೆ. ಅವರ ಒಂದು ತಾಸಿನ ಫೀಸು ನಮ್ಮಲ್ಲಿ ಎಷ್ಟೋ ಜನರ ಎರಡು ದಿನದ ದುಡಿಮೆ. ವಾರ್ಷಿಕ ಸಮ್ಮೇಳನದ ಹಾರ, ಶಾಲು, ನೆನಪಿನ ಕಾಣಿಕೆಯ ಖರ್ಚು ಕೂಡಿಸಿ ನೋಡಿ. ನಾವು ಅದನ್ನು ಪೂರ್ತಿ ಕತ್ತರಿಸಿ, ಸೂಪರ್ವಿಷನ್ ಫೀಸಿನ ಅರ್ಧ ಕೊಡುವ ನಿಧಿ ಮಾಡಿದೆವು. ಶಾಲು ಸಿಗದವರು ಸ್ವಲ್ಪ ದಿನ ಮುನಿಸಿಕೊಂಡರು.

ಅರ್ಜಿ ನಮೂನೆಯಲ್ಲಿ ನಾನು ಎರಡು ಸಲ ಎಡವಿದೆ, ಅದಕ್ಕೇ ವಿವರವಾಗಿ ಹೇಳುತ್ತೇನೆ. ಯಾರು ಬಂದಿಲ್ಲ ಅಂತ ತಿಳಿಯಬೇಕಲ್ಲ, ಅದಕ್ಕೆ ಜಾತಿ ಕಾಲಂ ಹಾಕಿದೆ. ದಲಿತ ಸಹೋದ್ಯೋಗಿಯೊಬ್ಬರು ಅರ್ಜಿ ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು: "ಈ ಕಾಗದ ಯಾರ ಬೀರುವಿನಲ್ಲಿ ಇರುತ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಅದು ಬೇರೆ ಚೀಟಿ. ಹೆಸರಿಲ್ಲ, ತುಂಬಲೇಬೇಕು ಅಂತಿಲ್ಲ. ಡಬ್ಬಿಯಲ್ಲಿ ಹಾಕುತ್ತಾರೆ, ಇಬ್ಬರು ಕೂತು ಎಣಿಸಿ, ಮೊತ್ತ ಬರೆದುಕೊಂಡು ಚೀಟಿ ಹರಿಯುತ್ತಾರೆ.

ಎರಡನೆಯದು ಲಿಂಗದ ಕಾಲಂ. "ಹೆಣ್ಣು, ಗಂಡು, ಇತರೆ" ಅಂತ ಅಚ್ಚು ಹಾಕಿಸಿದ್ದೆ. ಹುಲಿಗಿ ಕಡೆಯ ಜೋಗಮ್ಮ ಒಬ್ಬರು, ಟ್ರಾನ್ಸ್ ಮಹಿಳೆ, ಸಮುದಾಯದಲ್ಲಿ ಸಮಾಲೋಚನೆ ಮಾಡುತ್ತಾರೆ. ಅವರು ನಕ್ಕು, "ಇತರೆ ಅಂದ್ರ ಕಿರಾಣಿ ಚೀಟಿಯ ಕೊನೀ ಸಾಲೇನ್ರಿ?" ಅಂದರು. ನಮ್ಮ ಬಳ್ಳಾರಿ ಸೀಮೆಯ ಟ್ರಾನ್ಸ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷರಾದಾಗ, 2021ರಲ್ಲಿ ಪದ್ಮಶ್ರೀ ಬಂದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೂವಿನ ಚಿತ್ರಗಳೋ ಚಿತ್ರಗಳು. ಅರ್ಜಿಯಲ್ಲಿ ಮಾತ್ರ "ಇತರೆ". ಈಗ ಅಲ್ಲಿ ಖಾಲಿ ಗೆರೆ ಇದೆ. ಏನು ಬೇಕೋ ಬರೆಯಬಹುದು, ಬಿಡಬಹುದು. ಪ್ರಮಾಣಪತ್ರ ಕೇಳುವುದಿಲ್ಲ.

ಸದಸ್ಯತ್ವದ ಅರ್ಹತೆ ಸಡಿಲ ಮಾಡಬೇಕಾ? ಇಲ್ಲಿ ಜಗಳ ಗ್ಯಾರಂಟಿ. ನನ್ನ ಅಭಿಪ್ರಾಯ ಇಷ್ಟು: ಚಿಕಿತ್ಸೆ ಕೊಡುವ ಅರ್ಹತೆ ಬೇರೆ, ಸಂಘದಲ್ಲಿ ಕೂರುವ ಹಕ್ಕು ಬೇರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಅದರಲ್ಲಿ ರಾಜಿ ಬೇಡ. ಆದರೆ ಮಾಜಿ ದೇವದಾಸಿ ಮಹಿಳೆಯರ ಗುಂಪು ನಡೆಸುವವರು, ಆಶಾ ಕಾರ್ಯಕರ್ತೆಯರು ಸಹ ಸದಸ್ಯರಾಗಲಿ, ಅವರಿಗೂ ಓಟು ಇರಲಿ. ವಿರೋಧಿಸಿದವರಿಗೆ ನಾನು ಬಳ್ಳಾರಿಯನ್ನೇ ನೆನಪಿಸಿದೆ. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಆರೋಗ್ಯದ ಕೆಲಸ ಶುರು ಮಾಡಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಬಾಗಿಲು ಅಗಲ ಮಾಡಿದ್ದು ನಮ್ಮ ಸೀಮೆಯಲ್ಲೇ, ನಾವೇ ಮರೆತರೆ ಹೇಗೆ? ಬೈಲಾ ತಿದ್ದುಪಡಿ ಸರ್ವಸದಸ್ಯರ ಸಭೆಯಲ್ಲಿ ಪಾಸಾಗಬೇಕು, ನೋಂದಣಿ ಕಚೇರಿಗೂ ಹೋಗಬೇಕು. ಎರಡು ಸಭೆ ಹಿಡಿಯಿತು.

ಭಾಷೆ. ಕಾರ್ಯಾಗಾರ ಇಂಗ್ಲಿಷಿನಲ್ಲಿ, ಚಹಾ ಕನ್ನಡದಲ್ಲಿ, ಇದು ನಮ್ಮ ಹಳೇ ಪದ್ಧತಿ. ನಮ್ಮ ಕೋಣೆಗೆ ಬರುವವರು "ಖಿನ್ನತೆ" ಅನ್ನುವುದಿಲ್ಲ. "ಮನಸಿಗಿ ಬ್ಯಾಸರ", "ಎದಿ ಡವಡವ", ಉರ್ದು ಮನೆಯವರು "ಘಬ್ರಾಹಟ್", ತೆಲುಗಿನವರು "ಗುಂಡೆ ದಡ" ಅನ್ನುತ್ತಾರೆ. ತಾಂಡಾದ ಲಂಬಾಣಿ ಇದೆ, ಸಿಂಧನೂರು ಕ್ಯಾಂಪುಗಳಲ್ಲಿ ಬಂಗಾಳಿಯೂ ಇದೆ. ನಾವು ಮಾಡಿದ ಕೆಲಸ ಸರಳ. ಪ್ರತಿ ಸಭೆಯಲ್ಲಿ ಇಪ್ಪತ್ತು ನಿಮಿಷ, ಒಬ್ಬೊಬ್ಬರು ತಾವು ಕೇಳಿದ ಮಾತು ಹೇಳೋದು, ಬರೆದಿಡೋದು. ಆ ನೋಟ್‌ಬುಕ್ ಈಗ ದಪ್ಪಗಾಗಿದೆ. ಡಿಗ್ರಿ ಕಡಿಮೆ ಇರುವವರೇ ಅಲ್ಲಿ ಗುರುಗಳು.

ನೀತಿ ಸಂಹಿತೆಗೆ ಎರಡು ಗಟ್ಟಿ ಸಾಲು ಬೇಕು. ಮೊದಲನೆಯದು, 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಸೆಕ್ಷನ್ ಹೇಳುವುದನ್ನೇ ನಮ್ಮ ಮಾತಿನಲ್ಲಿ ಬರೆಯೋದು: ಲಿಂಗ, ಲೈಂಗಿಕ ಒಲವು, ಧರ್ಮ, ಜಾತಿ, ವರ್ಗ, ಅಂಗವೈಕಲ್ಯದ ಹೆಸರಿನಲ್ಲಿ ಸೇವೆಯಲ್ಲಿ ಭೇದ ಮಾಡುವಂತಿಲ್ಲ. ಎರಡನೆಯದು, ಸಲಿಂಗಿ ಮಕ್ಕಳನ್ನು "ಸರಿ ಮಾಡಿಕೊಡುತ್ತೇವೆ" ಅನ್ನುವುದು ತಪ್ಪು ಅಂತ ನೇರವಾಗಿ ಬರೆಯೋದು. 2021ರಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಸಲಿಂಗಿ ಜೋಡಿಯೊಂದರ ಪ್ರಕರಣದಲ್ಲಿ ತಾವೇ ಮನೋವಿಜ್ಞಾನಿಯ ಹತ್ತಿರ ಕೂತು ಕಲಿತರು, ಆಮೇಲೆ ಇಂಥ "ಸರಿ ಮಾಡುವ" ಚಿಕಿತ್ಸೆ ನಿಲ್ಲಿಸಬೇಕು ಅಂತ ಆದೇಶ ಬರೆದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನು ವೃತ್ತಿ ದುರ್ನಡತೆ ಅಂತ ಸಾರಿತು. ಆದರೆ ಆಯೋಗದ ಕೈ ಮುಟ್ಟೋದು ಡಾಕ್ಟರುಗಳನ್ನು, ನಮ್ಮಂಥ ಸಮಾಲೋಚಕರನ್ನಲ್ಲ. ಅದಕ್ಕೇ ಸಂಘದ ಸಂಹಿತೆಯಲ್ಲೇ ಅದು ಇರಬೇಕು.

ದೂರು ಬಂದರೆ ಊರಿನವರೇ ವಿಚಾರಣೆ ಮಾಡಬಾರದು. ಸಣ್ಣ ಊರು, ಎಲ್ಲರೂ ಎಲ್ಲರಿಗೂ ಬೀಗರು. ರಾಯಚೂರಿನ ದೂರನ್ನು ಕೊಪ್ಪಳದವರು ನೋಡಲಿ, ಜೊತೆಗೆ ಸಂಘಕ್ಕೆ ಸಂಬಂಧವಿಲ್ಲದ ಒಬ್ಬರು ಇರಲಿ.

ಕೊನೆಗೆ, ಯಾರೂ ಮಾತಾಡದ ವಿಷಯ: ಕೇಸು ಯಾರಿಗೆ ಹೋಗುತ್ತದೆ? ಥೆರಪಿಸ್ಟ್ ಬೇಕು ಅಂತ ಸಂಘಕ್ಕೆ ಫೋನ್ ಬಂದಾಗ ಯಾರ ನಂಬರ್ ಕೊಟ್ಟೆವು ಅಂತ ಆರು ತಿಂಗಳು ಬರೆದಿಟ್ಟೆ. ಮುಕ್ಕಾಲು ಪಾಲು ಮೂರೇ ಹೆಸರು, ಮೂವರೂ ಪದಾಧಿಕಾರಿಗಳ ಗೆಳೆಯರು. ಯಾರೂ ಬೇಕಂತ ಮಾಡಿರಲಿಲ್ಲ, ನೆನಪಿಗೆ ಬಂದ ಹೆಸರು ಹೇಳಿದ್ದು ಅಷ್ಟೇ. ಈಗ ಸರದಿ ಪಟ್ಟಿ ಇದೆ. ಭಾಷೆ, ಊರು, ಯಾವ ತೊಂದರೆಯಲ್ಲಿ ಅನುಭವ ಇದೆ ಅನ್ನೋದು ನೋಡಿ, ಸರದಿಯಲ್ಲಿ ಮುಂದಿನವರ ನಂಬರ್ ಕೊಡುತ್ತೇವೆ.

ಮುಂದಿನ ಸಭೆ ಸಿಂಧನೂರಿನಲ್ಲಿ. ಹೊಸ ಖಜಾಂಚಿ ಹಾಲ್ ನೋಡಲು ಅಳತೆ ಟೇಪ್ ಹಿಡಿದು ಹೋಗಿದ್ದರು. ಗಾಲಿಕುರ್ಚಿ ಸಲೀಸಾಗಿ ಹೋಗಲು 90 ಸೆಂಟಿಮೀಟರ್ ಬೇಕು, ಬಾಗಿಲು ಇದ್ದದ್ದು 74. ಬೇರೆ ಹಾಲ್ ಹುಡುಕುತ್ತಿದ್ದಾರೆ.