ಕಡೆಯುವುದೋ, ಬದಲಿಸುವುದೋ: ನನ್ನ ಲಾರಾದ ಬ್ರೇಕ್ ಡಿಸ್ಕ್

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯುತ್ತಿದ್ದೆ. ಮೂರೋ ನಾಲ್ಕೋ ತಿರುವು ಕಳೆದಿರಬೇಕು, ಕಾಲಿನಡಿ ಬ್ರೇಕ್ ಪೆಡಲ್ ನಡುಗತೊಡಗಿತು. ಇನ್ನೊಂದು ತಿರುವಿನ ಹೊತ್ತಿಗೆ ಸ್ಟೀರಿಂಗಿಗೂ ನಡುಕ ಹತ್ತಿತು. ಕಾರು ನಿಲ್ಲುತ್ತಿತ್ತು, ಅದರಲ್ಲಿ ಕೊರತೆಯಿರಲಿಲ್ಲ. ಆದರೆ ನಿಲ್ಲುವಾಗಲೆಲ್ಲ ಕಲ್ಲುಹಾಸಿನ ಮೇಲೆ ಎತ್ತಿನ ಗಾಡಿ ಹೋದಂತೆ ಗಡಗಡ. ಉಜಿರೆ ತಲುಪುವವರೆಗೂ ಎರಡನೆಯ ಗೇರಿನಲ್ಲೇ ತೆವಳಿದೆ.

ಕಾರು ಸ್ಕೋಡಾ ಲಾರಾ ಆರ್‌ಎಸ್, 1.8 ಲೀಟರಿನ ಟರ್ಬೊ ಪೆಟ್ರೋಲ್, 160 ಅಶ್ವಶಕ್ತಿ. ಎರಡನೆಯ ಕೈಯಿಂದ ಕೊಂಡದ್ದು. ನಾನು ಮಂಗಳೂರಿನ ಬೈಕಂಪಾಡಿಯಲ್ಲಿ ಸಣ್ಣದೊಂದು ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ವರ್ಕ್‌ಶಾಪ್ ನಡೆಸುತ್ತೇನೆ; ಪಂಪಿನ ಶಾಫ್ಟು, ದೋಣಿಯ ಬುಷ್ಷು, ಇಂಥವೇ ದಿನದ ಕೆಲಸ. ಹಾಗಾಗಿ ಪರಿಚಯದ ಮೆಕ್ಯಾನಿಕ್ "ಡಿಸ್ಕ್ ಬೆಂಡಾಗಿದೆ ಮಾರಾಯರೇ, ಒಂದು ಸಲ ಲೇತಿಗೆ ಹಾಕಿದರೆ ಮುಗಿಯಿತು" ಎಂದಾಗ ನನಗೆ ಖುಷಿಯೇ ಆಯಿತು. ಬೆಣ್ಣೆ ಕೈಯಲ್ಲೇ ಇದೆ, ತುಪ್ಪಕ್ಕೆ ಊರು ಅಲೆಯುವುದೇಕೆ?

ಡಿಸ್ಕ್ ಎಂದರೆ ಚಕ್ರದ ಜೊತೆ ತಿರುಗುವ ಬೀಡು ಕಬ್ಬಿಣದ ತಟ್ಟೆ; ಬ್ರೇಕ್ ಒತ್ತಿದಾಗ ಎರಡೂ ಬದಿಯಿಂದ ಪ್ಯಾಡುಗಳು ಅದನ್ನು ಅಮುಕಿ ಹಿಡಿಯುತ್ತವೆ. ಮುಂದಿನ ಚಕ್ರಗಳ ಎರಡೂ ಡಿಸ್ಕ್ ಬಿಚ್ಚಿ, ಮೈಕ್ರೋಮೀಟರಿನಲ್ಲಿ ಒಂದೇ ಒಂದು ಕಡೆ ಅಳೆದೆ: 24.1 ಮಿಲಿಮೀಟರ್. ಹೊಸತರಲ್ಲಿ 25 ಇರುತ್ತದೆ. ಕನಿಷ್ಠ ದಪ್ಪ 22 ಎಂದು ಡಿಸ್ಕಿನ ಟೊಪ್ಪಿಯ (ನಡುವೆ ಉಬ್ಬಿದ ಭಾಗದ) ಅಂಚಿನಲ್ಲೇ ಅಚ್ಚೊತ್ತಿದೆ. ಬೇಕಾದಷ್ಟು ಲೋಹ ಉಳಿದಿದೆ ಎಂದುಕೊಂಡು ಎರಡೂ ಮುಖದಿಂದ 0.35ರಂತೆ ತೆಗೆದು, 23.4ಕ್ಕೆ ತಂದು, ಕನ್ನಡಿಯ ಹಾಗೆ ಹೊಳೆಯಿಸಿ ಕೂರಿಸಿದೆ. ಕಾರು ಬೆಣ್ಣೆಯಲ್ಲಿ ಚಾಕು ಇಳಿದಂತೆ ನಿಂತಿತು. ಮೆಕ್ಯಾನಿಕ್‌ಗೆ ಚಹಾ ಕುಡಿಸಿದೆ.

ಮೂರು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ನಡುಕ ಮತ್ತೆ ಬಂತು.

ಆಗ ನನ್ನ ಮೇಲೆ ನನಗೇ ಸಿಟ್ಟು ಬಂತು. ದಿನವಿಡೀ ಡಯಲ್ ಗೇಜ್ (ಕೂದಲೆಳೆಯಷ್ಟು ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಮಾಪಕ) ಹಿಡಿದು ಕೆಲಸ ಮಾಡುವವನು ನಾನು. ಗಿರಾಕಿಯ ಶಾಫ್ಟನ್ನು ಅಳೆಯದೆ ಮುಟ್ಟದವನು ನನ್ನದೇ ಕಾರಿನ ಬ್ರೇಕಿಗೆ ಕಣ್ಣಂದಾಜಿನಲ್ಲಿ ಉಳಿ ಹಚ್ಚಿದ್ದೆ. ಒಂದು ಭಾನುವಾರ ಬಾಗಿಲು ಹಾಕಿಕೊಂಡು ಮೊದಲಿನಿಂದ ಶುರು ಮಾಡಿದೆ.

ಚಕ್ರ ಕಳಚುವ ಮೊದಲು ಕಾರನ್ನು ಜ್ಯಾಕಿಗೆ ಏರಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆ, ಬೇರಿಂಗ್ ಗಟ್ಟಿಯಾಗಿತ್ತು. ಚಕ್ರ ತೆಗೆದ ಮೇಲೆ ಡಿಸ್ಕ್ ಹಬ್ಬಿಗೆ (ಡಿಸ್ಕನ್ನೂ ಚಕ್ರವನ್ನೂ ಬೋಲ್ಟಿನಿಂದ ಕೂರಿಸುವ, ತಿರುಗುವ ನಡುಭಾಗ) ಸಡಿಲವಾಗಿ ಆತುಕೊಂಡಿರುತ್ತದೆ. ಅದನ್ನು ಹಾಗೆಯೇ ಅಳೆದರೆ ಲೆಕ್ಕ ತಪ್ಪುತ್ತದೆ. ದಪ್ಪ ವಾಷರ್ ಹಾಕಿ ಐದೂ ಬೋಲ್ಟುಗಳನ್ನು ಸಮನಾಗಿ ಬಿಗಿದೆ. ಡಯಲ್ ಗೇಜಿನ ಮ್ಯಾಗ್ನೆಟ್ ಸ್ಟ್ಯಾಂಡನ್ನು ಸಸ್ಪೆನ್ಷನ್ನಿನ ಕಂಬಕ್ಕೆ (ಸ್ಟ್ರಟ್) ಅಂಟಿಸಿ, ಮುಳ್ಳನ್ನು ಡಿಸ್ಕಿನ ಹೊರ ಅಂಚಿನಿಂದ ಹದಿನೈದು ಮಿಲಿಮೀಟರ್ ಒಳಗೆ ತಾಗಿಸಿ ನಿಧಾನವಾಗಿ ತಿರುಗಿಸಿದೆ. ರನ್‌ಔಟ್ (ಕ್ರಿಕೆಟ್ಟಿನದಲ್ಲ, ತಿರುಗುವಾಗಿನ ಓಲಾಟ) 0.11 ಮಿಲಿಮೀಟರ್. ನನ್ನ ಲೆಕ್ಕದಲ್ಲಿ 0.05 ದಾಟಿದರೆ ಸುಮ್ಮನಿರಬಾರದು.

ಅತಿ ಹೆಚ್ಚು ಹೊರಗೆ ಬರುವ ಜಾಗಕ್ಕೆ ಡಿಸ್ಕಿನ ಮೇಲೂ ಹಬ್ಬಿನ ಮೇಲೂ ಸೀಮೆಸುಣ್ಣದ ಗುರುತು ಹಾಕಿದೆ. ಬಳಿಕ ಡಿಸ್ಕನ್ನು ಬಿಚ್ಚಿ ಎರಡು ಬೋಲ್ಟಿನಷ್ಟು ತಿರುಗಿಸಿ ಮತ್ತೆ ಬಿಗಿದು ಅಳೆದೆ. ಡಿಸ್ಕೇ ವಕ್ರವಾಗಿದ್ದರೆ ಉಬ್ಬು ಡಿಸ್ಕಿನ ಗುರುತಿನ ಜೊತೆ ಸರಿಯಬೇಕಿತ್ತು. ಸರಿಯಲಿಲ್ಲ. ಹಬ್ಬಿನ ಗುರುತಿನಲ್ಲೇ ನಿಂತಿತು.

ಡಿಸ್ಕ್ ಕಿತ್ತು ಹಬ್ಬಿನ ಮುಖಕ್ಕೆ ಟಾರ್ಚ್ ಹಿಡಿದು ನೋಡಿದರೆ, ನಡುವಿನ ಉಬ್ಬಿನ ಬುಡದಲ್ಲಿ ಒಂದು ಕಡೆ ತುಕ್ಕು ಹಕ್ಕಳೆಹಕ್ಕಳೆಯಾಗಿ ಎದ್ದಿತ್ತು. ಕಡಲ ಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ನಮ್ಮೂರಿನಲ್ಲಿ ತುಕ್ಕು ಹಿಡಿಯದ ಕಬ್ಬಿಣವೇ ಇಲ್ಲ. ನಡುವಿನಲ್ಲಿ ಕೂದಲೆಳೆಯಷ್ಟು ತುಕ್ಕು ಸಿಕ್ಕಿಕೊಂಡರೂ ಡಿಸ್ಕಿನ ಅಂಚಿಗೆ ಬರುವಾಗ ಓಲಾಟ ದುಪ್ಪಟ್ಟಾಗಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಾನು ಮಾಡಿದ್ದು ಅದೇ.

ಹಾಗಾದರೆ ಮೊದಲ ಮೂರು ಸಾವಿರ ಕಿಲೋಮೀಟರ್ ಕಾರು ಚೆನ್ನಾಗಿ ಓಡಿದ್ದು ಹೇಗೆ? ಓಲಾಟವೊಂದೇ ಪೆಡಲನ್ನು ನಡುಗಿಸುವುದಿಲ್ಲ. ಪ್ಯಾಡುಗಳನ್ನು ಹಿಡಿದಿರುವ ತೇಲುವ ಕ್ಯಾಲಿಪರ್ ಅದರ ಜೊತೆ ಸ್ವಲ್ಪ ಆಚೀಚೆ ಸರಿದು ಹೊಂದಿಕೊಳ್ಳುತ್ತದೆ. ಆದರೆ ಬ್ರೇಕ್ ಒತ್ತದೆ ಹೆದ್ದಾರಿಯಲ್ಲಿ ಹೋಗುವಾಗ ಓಲಾಡುವ ಡಿಸ್ಕಿನ ಅದೇ ಜಾಗ ಪ್ರತಿ ಸುತ್ತಿಗೂ ಪ್ಯಾಡನ್ನು ಸವರುತ್ತದೆ. ದಿನ ಕಳೆದಂತೆ ಆ ಜಾಗ ಸವೆಯುತ್ತದೆ, ಅಥವಾ ಪ್ಯಾಡಿನ ವಸ್ತು ಅಲ್ಲಿ ಮೆತ್ತಿಕೊಳ್ಳುತ್ತದೆ. ಕೊನೆಗೆ ಡಿಸ್ಕಿನ ದಪ್ಪವೇ ಒಂದೊಂದು ಕಡೆ ಒಂದೊಂದಾಗುತ್ತದೆ. ಕಾಲಿಗೆ ಬಡಿಯುವುದು ಈ ದಪ್ಪದ ವ್ಯತ್ಯಾಸ. ಸುತ್ತಲೂ ಎಂಟು ಕಡೆ ಅಳೆದಾಗ ಅತಿ ಹೆಚ್ಚಿಗೂ ಅತಿ ಕಡಿಮೆಗೂ ನಡುವೆ ಇದ್ದ ಅಂತರ ಕೇವಲ 0.02 ಮಿಲಿಮೀಟರ್. ಅಷ್ಟಕ್ಕೇ ಆ ಗಡಗಡ.

ಅಂದಹಾಗೆ, ಈ ಅಳತೆಗೆ ವರ್ನಿಯರ್ ಕೈಗೆತ್ತಿಕೊಳ್ಳಬೇಡಿ. ಪ್ಯಾಡ್ ತಾಗದ ಹೊರ ಅಂಚಿನಲ್ಲಿ ಏರಿ ನಿಂತ ತುಕ್ಕಿನ ದಂಡೆಯನ್ನೂ ಸೇರಿಸಿ ಅದು ದಪ್ಪ ಹೇಳುತ್ತದೆ. ಸವೆದ ಡಿಸ್ಕೂ ಹೊಸದರಂತೆ ತೋರುತ್ತದೆ.

ಹಬ್ಬನ್ನು ವೈರ್ ಬ್ರಷ್ಷು, ಎಮರಿ ಕಾಗದದಿಂದ ಲೋಹ ಬೆಳ್ಳಗೆ ಕಾಣುವ ತನಕ ತಿಕ್ಕಿದೆ. ರನ್‌ಔಟ್ 0.03ಕ್ಕೆ ಇಳಿಯಿತು. ದಪ್ಪದ ವ್ಯತ್ಯಾಸ ಹೋಗಲಾಡಿಸಲು ಮಾತ್ರ ಲೇತ್ ಬೇಕೇ ಬೇಕಿತ್ತು. ಲೋಹವೂ ಸಾಕಷ್ಟಿತ್ತು, ಬಿರುಕಾಗಲಿ ಕಲೆಯಾಗಲಿ ಇರಲಿಲ್ಲ. ಕಡೆಯುವುದೇ ಸರಿಯಾದ ತೀರ್ಮಾನ ಎನ್ನಿಸಿತು. ಈ ಸಲ ಟೊಪ್ಪಿಯ ಹೊರಮೈಯನ್ನು ಲೇತಿನ ಚಕ್ಕಿನಲ್ಲಿ (ವಸ್ತುವನ್ನು ಕಚ್ಚಿ ಹಿಡಿಯುವ ಭಾಗ) ಕಚ್ಚಿಸಲಿಲ್ಲ. ಚಕ್ಕಿನಲ್ಲೇ ಒಂದು ಫ್ಲ್ಯಾಂಜ್ (ಚಪ್ಪಟೆ ಬಿಲ್ಲೆ) ಕಡೆದು, ಅದನ್ನು ಕದಲಿಸದೆ, ಹಬ್ಬಿಗೆ ಕೂರುವ ಮುಖವೇ ಫ್ಲ್ಯಾಂಜಿಗೆ ಕೂರುವಂತೆ ಐದು ಬೋಲ್ಟಿನಿಂದ ಬಿಗಿದೆ. ಡಿಸ್ಕಿನ ಅಂಚಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿದೆ. ಅದಿಲ್ಲದಿದ್ದರೆ ಡಿಸ್ಕ್ ಗಂಟೆಯ ಹಾಗೆ ಮೊಳಗುತ್ತದೆ, ಮೈಮೇಲೆ ಅಲೆಅಲೆಯ ಗೆರೆ ಬೀಳುತ್ತದೆ. ಕಾರ್ಬೈಡ್ ಟೂಲಿನಿಂದ ಮುಖಕ್ಕೆ 0.1 ಮಿಲಿಮೀಟರ್ ಮಾತ್ರ ತೆಗೆದೆ. ಬೀಡು ಕಬ್ಬಿಣ ಸುರುಳಿಯಾಗಿ ಬರುವುದಿಲ್ಲ, ಕಾಡಿಗೆಯಂಥ ಪುಡಿಯಾಗಿ ಉದುರುತ್ತದೆ. ಕೊನೆಗೆ 120 ನಂಬರಿನ ಕಾಗದವನ್ನು ಅಡ್ಡಾದಿಡ್ಡಿ ಆಡಿಸಿ ಉಳಿಯ ಗೆರೆಗಳನ್ನು ಅಳಿಸಿ, ಸೋಪು ನೀರಿನಲ್ಲಿ ತೊಳೆದು ಒರೆಸಿದೆ. ಕನ್ನಡಿಯ ಹೊಳಪು ನೋಡಲು ಚೆಂದ, ಪ್ಯಾಡಿಗೆ ಬೇಕಾದದ್ದು ಅದಲ್ಲ.

23.2 ದಪ್ಪದ ಆ ಡಿಸ್ಕುಗಳು ಎರಡು ವರ್ಷ ಓಡಿದವು. ಚಕ್ರದ ಬೋಲ್ಟುಗಳನ್ನು ಮಾತ್ರ ಗಾಳಿಯ ಗನ್ನಿನವರಿಗೆ ಬಿಟ್ಟುಕೊಡಲಿಲ್ಲ. ಟಾರ್ಕ್ ರೆಂಚ್ ಹಿಡಿದು ನಾನೇ ಎದುರುಬದುರಾಗಿ 120 ನ್ಯೂಟನ್ ಮೀಟರಿಗೆ ಬಿಗಿದೆ.

ಆಮೇಲೆ ಬಂತು ಕೊಯಮತ್ತೂರು. ಗೆಳೆಯರ ಜೊತೆ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ಒಂದು ದಿನ ಮನಸಾರೆ ಓಡಿಸಿದೆ. ನನ್ನನ್ನೂ ಸೇರಿಸಿ 1,450 ಕಿಲೋ ತೂಗುವ ಕಾರು ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಂತರೆ ಸುಮಾರು 560 ಕಿಲೋಜೂಲ್ ಶಕ್ತಿ ಶಾಖವಾಗಬೇಕು, ಅದರ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕಿಗೆ. ಘಾಟಿಯಲ್ಲಿ ಒಂದು ತಿರುವಿಗೂ ಇನ್ನೊಂದಕ್ಕೂ ನಡುವೆ ಉಸಿರಾಡಲು ಸಮಯವಿರುತ್ತದೆ. ಟ್ರ್ಯಾಕಿನಲ್ಲಿ ಇರುವುದಿಲ್ಲ.

ಊರಿಗೆ ಬಂದು ಚಕ್ರ ಬಿಚ್ಚಿದಾಗ ಡಿಸ್ಕಿನ ಮೈಮೇಲೆ ನವಿಲುಗರಿಯ ಬಣ್ಣದ ಕಪ್ಪುನೀಲಿ ಮಚ್ಚೆಗಳು. ಜೊತೆಗೆ ಕೂದಲಿನಂಥ ಸಣ್ಣ ಸಣ್ಣ ಬಿರುಕುಗಳು. ದಪ್ಪ 22.7. ಕಾಗದದ ಮೇಲೆ ನೋಡಿದರೆ ಇನ್ನೂ 0.7 ಉಳಿದಿದೆ. ಮಚ್ಚೆ ಹೋಗಿಸಲು ಮುಖಕ್ಕೆ 0.2 ತೆಗೆದರೂ 22.3 ಉಳಿಯುತ್ತದೆ, ಮತ್ತೊಮ್ಮೆ ಕಡೆಯಬಹುದಲ್ಲ ಎಂದು ಆಸೆಯಾಯಿತು. ಹೊಸ ಜೋಡಿಗೆ ಹನ್ನೊಂದು ಸಾವಿರ ಚಿಲ್ಲರೆ ಹೇಳಿದ್ದರು.

ಆದರೆ ಆ 22 ಎಂಬ ಅಂಕಿ ಲೇತಿಗೆ ಹಾಕಿದ ಗುರಿಯಲ್ಲ, ಸವೆದು ಸವೆದು ಅಲ್ಲಿಗೆ ಬಂದಾಗ ಕಿತ್ತೆಸೆಯಬೇಕಾದ ಗೆರೆ. ಕಡೆದ ಮೇಲೂ ಒಂದು ಜೊತೆ ಪ್ಯಾಡಿನ ಆಯುಷ್ಯಕ್ಕೆ ಸಾಲುವಷ್ಟು ಲೋಹ ಅದರಾಚೆ ಇರಬೇಕು. ಹಿಂದಿನ ಎರಡು ವರ್ಷದಲ್ಲಿ ನನ್ನ ಡಿಸ್ಕ್ ಸವೆದದ್ದು ಅರ್ಧ ಮಿಲಿಮೀಟರ್, 0.3 ಎಷ್ಟು ದಿನಕ್ಕೆ ಬರುತ್ತದೆ? ಇನ್ನೊಂದು ಲೆಕ್ಕವೂ ಇದೆ. 25ರಿಂದ 22 ಎಂದರೆ ನೂರಕ್ಕೆ ಹನ್ನೆರಡು ಪಾಲು ಕಡಿಮೆಯಾದಂತೆ ಕಾಣುತ್ತದೆ. ಆದರೆ ನಡುವೆ ಗಾಳಿ ಹೋಗುವ ಸಂದು ನನ್ನ ಡಿಸ್ಕಿನಲ್ಲಿ ಹತ್ತು ಮಿಲಿಮೀಟರಿನಷ್ಟಿದೆ. ಎರಡು ಮುಖಗಳ ಲೋಹ ಹದಿನೈದೇ ಮಿಲಿಮೀಟರ್. ಅದರಲ್ಲಿ ಮೂರು ಹೋದರೆ ಐದನೆಯ ಒಂದು ಪಾಲು ಹೋಯಿತು. ಅಷ್ಟೇ ಶಾಖ ಅಷ್ಟು ಕಡಿಮೆ ಲೋಹಕ್ಕೆ ಇಳಿದರೆ ಡಿಸ್ಕ್ ಇನ್ನಷ್ಟು ಕಾಯುತ್ತದೆ. ಪೇಟೆಯೊಳಗೆ ತರಕಾರಿ ತರಲು ಹೋಗುವ ಕಾರಿಗೆ ಇದು ದೊಡ್ಡ ಮಾತಲ್ಲ, ನನ್ನ ಕಾಲಿಗೆ ದೊಡ್ಡ ಮಾತೇ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಬಿರುಕುಗಳ ಮೇಲೆ ಉಗುರು ಎಳೆದೆ. ಹೆಚ್ಚಿನವು ಮೇಲ್ಮೈಯ ಸುಕ್ಕುಗಳು, ಉಗುರಿಗೆ ಸಿಕ್ಕಲಿಲ್ಲ. ಎಡಗಡೆಯ ಡಿಸ್ಕಿನಲ್ಲಿ ಒಂದು ಸಿಕ್ಕಿತು. ಅದು ನೇರವಾಗಿ ಹೊರ ಅಂಚಿನವರೆಗೆ ಹೋಗಿತ್ತು. ಅಲ್ಲಿಗೆ ಚರ್ಚೆ ಮುಗಿಯಿತು. ಈ ಬಿರುಕನ್ನೇ ಮೊದಲು ನೋಡಿದ್ದರೆ ಮೈಕ್ರೋಮೀಟರನ್ನು ಪೆಟ್ಟಿಗೆಯಿಂದ ತೆಗೆಯುವ ಶ್ರಮವೂ ಉಳಿಯುತ್ತಿತ್ತು.

ಹೇಗಿದ್ದರೂ ಗುಜರಿಗೆ ಹೋಗುವುದು ತಾನೇ ಎಂದು ಬಲಗಡೆಯದನ್ನು ಕುತೂಹಲಕ್ಕೆ ಲೇತಿಗೆ ಏರಿಸಿದೆ. ಉಳಿ ಮಚ್ಚೆಯ ಮೇಲೆ ಬಂದಾಗಲೆಲ್ಲ ಟಿಕ್ ಎಂದು ಸದ್ದು, ಟೂಲ್ ಪೋಸ್ಟಿನ ಮೇಲಿಟ್ಟ ಬೆರಳಿಗೆ ಸಣ್ಣ ಕುಟುಕು. ನಿಲ್ಲಿಸಿ ನೋಡಿದರೆ ಸುತ್ತಲಿನ ಕಬ್ಬಿಣ ಮಾಸಲು ಬೂದು, ಮಚ್ಚೆಯ ಜಾಗ ಮಾತ್ರ ನಾಣ್ಯದಂತೆ ಮಿರಮಿರ. 700 ಡಿಗ್ರಿ ದಾಟಿ ಕಾದ ಕಡೆ ಬೀಡು ಕಬ್ಬಿಣ ಸಿಮೆಂಟೈಟ್ ಎಂಬ ಗಡಸು ರೂಪಕ್ಕೆ ತಿರುಗುತ್ತದೆ. ಅದು ಮೈಮೇಲಷ್ಟೇ ನಿಲ್ಲುವುದಿಲ್ಲ, ಒಳಕ್ಕೂ ಇಳಿದಿರುತ್ತದೆ. ಎರಡನೆಯ ಸಲ ಉಳಿ ಹಾಯಿಸಿದರೂ ಮಚ್ಚೆ ಅಲ್ಲೇ ಇತ್ತು. ಇಂಥ ಡಿಸ್ಕನ್ನು ಕಡೆದು ಕೂರಿಸಿದರೆ ಮೆತ್ತಗಿನ ಭಾಗ ಬೇಗ ಸವೆದು, ಗಡಸು ದ್ವೀಪಗಳು ಎದ್ದು ನಿಂತು ನಡುಕ ಮರಳಿ ಬರುತ್ತದೆ.

ಹೊಸದಕ್ಕೆ ತೂತು ಕೊರೆದ ಡಿಸ್ಕ್ ಹಾಕಿಸೆಂದು ಗೆಳೆಯರು ಒತ್ತಾಯಿಸಿದರು. ಚೆಂದ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಬಿರುಕು ಹುಟ್ಟಲು ಆ ತೂತುಗಳ ಅಂಚಿಗಿಂತ ಒಳ್ಳೆಯ ಜಾಗವಿಲ್ಲ, ಮುಂದೆ ಲೇತಿಗೆ ಹಾಕಿದರೆ ಉಳಿ ಪ್ರತಿ ತೂತಿಗೂ ಎಗರುತ್ತದೆ. ಸಾದಾ ಡಿಸ್ಕನ್ನೇ, ಎರಡೂ ಬದಿಗೆ ಜೊತೆಯಾಗಿ, ಹೊಸ ಪ್ಯಾಡಿನೊಡನೆ ಹಾಕಿದೆ. ಹೊಸತೆಂದು ನಂಬಿ ಬಿಡಲಿಲ್ಲ, ಎಣ್ಣೆ ತೊಳೆದು ಅದಕ್ಕೂ ಡಯಲ್ ಹಚ್ಚಿದೆ: ಎಡಕ್ಕೆ 0.02, ಬಲಕ್ಕೆ 0.03. ನಸುಕಿನಲ್ಲಿ ಖಾಲಿ ರಸ್ತೆಗೆ ಒಯ್ದು ಗಂಟೆಗೆ 80ರಿಂದ 15ಕ್ಕೆ ಹತ್ತು ಸಲ, ಎಲ್ಲೂ ಪೂರ್ತಿ ನಿಲ್ಲಿಸದೆ, ಬ್ರೇಕ್ ಒತ್ತಿ ಪ್ಯಾಡನ್ನು ಪಳಗಿಸಿದೆ. ಆಮೇಲೆ ಪೆಡಲ್ ಮುಟ್ಟದೆ ಐದಾರು ಕಿಲೋಮೀಟರ್ ಸುಮ್ಮನೆ ಓಡಿಸಿ ತಣಿಸಿದೆ.

ಈಗ ಕಾರಿನ ಹುಚ್ಚಿನವರು ಕೆಲವರು ನನ್ನ ಅಂಗಡಿಗೂ ಡಿಸ್ಕ್ ತರುತ್ತಾರೆ. ಮೊನ್ನೆ ಒಬ್ಬ ಹುಡುಗ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಎರಡು ಡಿಸ್ಕ್ ಗೋಣಿಯಲ್ಲಿ ಸುತ್ತಿ ತಂದಿದ್ದ. "ಅಣ್ಣಾ, ಸಂಜೆಯೊಳಗೆ ಕಡೆದು ಕೊಡುತ್ತೀರಾ?" ಎಂದ. ಡಿಸ್ಕನ್ನು ಹಾಗೆಯೇ ವಾಪಸು ಕೂರಿಸಿ ಕಾರನ್ನೇ ತಾ ಎಂದು ಕಳುಹಿಸಿದೆ. ಮುಖ ಸಪ್ಪಗೆ ಮಾಡಿಕೊಂಡು ಹೋದವನು ಶನಿವಾರ ಬರುವುದಾಗಿ ಫೋನ್ ಮಾಡಿದ್ದಾನೆ.