ಮಗುವಿನ ಮೇಲೆ ಕೂಗಾಡಿದ ದಿನ, ಮಲಗುವ ಮುನ್ನ

ಸಿಟ್ಟಿನಲ್ಲಿ ಕೂಗಾಡಿ, ಆಮೇಲೆ ಕುಗ್ಗಿಹೋಗಿ ಒಬ್ಬರೇ ಪ್ರಾರ್ಥನೆಗೆ ಕೂರುವ ತಂದೆತಾಯಿ ಬಹಳ. ಮೊದಲು ಮಗುವಿನ ಬಳಿಗೆ ಹೋಗಿ. ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಸಹೋದರನೊಡನೆ ಒಂದಾಗು ಎಂದು ಯೇಸು ಹೇಳಿದ್ದು (ಮತ್ತಾಯ 5:23-24) ಮನೆಯ ಚಿಕ್ಕವರಿಗೂ ಸಲ್ಲುತ್ತದೆ.

ಉಸಿರು ಹತೋಟಿಗೆ ಬರುವವರೆಗೆ ಕಾಯಿರಿ, ಅರ್ಧ ಗಂಟೆಯಾದರೂ ಸರಿ. ಮರುದಿನಕ್ಕೆ ಮಾತ್ರ ಎಳೆಯಬೇಡಿ. ಬೈಬಲಿನ ಎಫೆಸ 4:26 ಸಿಟ್ಟಿಗೆ ಕೊಡುವ ಗಡುವು ಸೂರ್ಯಾಸ್ತ. ಮಗುವಿನ ಕಣ್ಣಿನ ಮಟ್ಟಕ್ಕೆ ಕುಳಿತು ಮೂರೇ ವಾಕ್ಯ ಹೇಳಿ: "ನಾನು ನಿನ್ನ ಮೇಲೆ ಕೂಗಾಡಿದೆ. ಅದು ತಪ್ಪು. ನನ್ನನ್ನು ಕ್ಷಮಿಸುತ್ತೀಯಾ?"

ಎಲ್ಲವೂ ಕೆಡುವುದು ನಾಲ್ಕನೆಯ ವಾಕ್ಯದಲ್ಲಿ: "ಆದರೆ ನೀನೂ ಹಾಗೆ ಮಾಡಬಾರದಿತ್ತು." ಆ ಕ್ಷಣಕ್ಕೆ ಕ್ಷಮಾಪಣೆ ದೂರಿನ ರೂಪ ತಾಳುತ್ತದೆ, ಮಗುವಿಗೆ ನೆನಪಿರುವುದು ದೂರು ಮಾತ್ರ. ಅದರ ತಪ್ಪನ್ನು ತಿದ್ದಲೇಬೇಕು, ಆದರೆ ಬೆಳಿಗ್ಗೆ, ಬೇರೆ ಮಾತಾಗಿ. ಮಗು ಸುಮ್ಮನಿದ್ದರೆ "ಪರವಾಗಿಲ್ಲ" ಎನ್ನಿಸಲು ಒತ್ತಾಯಿಸಬೇಡಿ. ಹದಿಹರೆಯದವರು "ಬಿಡಿ" ಎಂದು ಮುಖ ತಿರುಗಿಸಬಹುದು. ಹೇಳಿದ್ದು ಕಿವಿಗೆ ಬಿದ್ದಿದೆ, ಎದ್ದು ಬನ್ನಿ.

ಮಗು ಒಪ್ಪಿದರೆ ಜೊತೆಗೆ ಪ್ರಾರ್ಥಿಸಿ, ಒಂದು ನಿಮಿಷ ಸಾಕು. "ಕರ್ತನೇ, ಇವನಿಗೆ ಬುದ್ಧಿ ಕೊಡು" ಎಂಬ ಪ್ರಾರ್ಥನೆ ಮಗುವಿನ ಪಾಲಿಗೆ ಇನ್ನೊಂದು ಬೈಗುಳ. ಮಕ್ಕಳು ಮನಗುಂದದಂತೆ ಕೆಣಕಬೇಡಿರೆಂದು ಪೌಲನು ಎಚ್ಚರಿಸಿದ್ದು ತಂದೆಗಳನ್ನೇ (ಕೊಲೊಸ್ಸೆ 3:21). ನಿಮಗೆ ತಾಳ್ಮೆ ಬೇಕೆಂದು ಕೇಳಿ.

ಕೈ ಎತ್ತುವ ಹಂತ ಮುಟ್ಟಿದ್ದರೆ, ಅಥವಾ ಇದು ದಿನವೂ ನಡೆಯುತ್ತಿದ್ದರೆ, ಚರ್ಚಿನ ಸಭಾಪಾಲಕರಿಗೂ ತರಬೇತಾದ ಆಪ್ತಸಮಾಲೋಚಕರಿಗೂ ಈ ವಾರವೇ ತಿಳಿಸಿ. ಸಹಾಯ ಕೇಳುವುದು ವಿಶ್ವಾಸದ ಕೊರತೆಯಲ್ಲ.