ಹೊಟ್ಟೆ ನೋಡಿ ಕುದುರೆಯ ತೂಕ ಹೇಳಬೇಡಿ

ಅಕ್ಕಲಕೋಟೆಯ ನಮ್ಮ ಕಡೆ ಕುದುರೆ ಕೊಳ್ಳಲು ಬಂದವರು ಮೊದಲು ಅದರ ಹೊಟ್ಟೆಯನ್ನು ನೋಡುತ್ತಾರೆ. ಹೊಟ್ಟೆ ದುಂಡಗಿದ್ದರೆ ಕುದುರೆ ಮೈತುಂಬಿಕೊಂಡಿದೆ ಎಂದೇ ಲೆಕ್ಕ. ಬರೀ ಜೋಳದ ಕಣಿಕೆ ತಿಂದು, ಜಂತುಹುಳು ಹೊತ್ತು ಸೊರಗಿದ ಕುದುರೆಗೂ ಅಂಥದೇ ಹೊಟ್ಟೆ ಇರುತ್ತದೆ. ತೂಕ ತಿಳಿದಿರಬೇಕಾದದ್ದು ವ್ಯಾಪಾರಕ್ಕಿಂತ ಹೆಚ್ಚಾಗಿ ಔಷಧಕ್ಕೆ: ಜಂತಿನ ಮದ್ದನ್ನು ಮೈತೂಕಕ್ಕೆ ತಕ್ಕಷ್ಟೇ ಕೊಡಬೇಕು, ಕಡಿಮೆ ಬಿದ್ದರೆ ಹುಳುಗಳು ಮದ್ದಿಗೇ ಒಗ್ಗಿಕೊಳ್ಳುತ್ತವೆ.

ಕುದುರೆಯನ್ನು ಸಮತಟ್ಟಾದ ನೆಲದಲ್ಲಿ ನಾಲ್ಕೂ ಕಾಲು ಸರಿಯಾಗಿ ಊರುವಂತೆ ನಿಲ್ಲಿಸಿ, ಕುತ್ತಿಗೆ ಮುಗಿದು ಬೆನ್ನು ಆರಂಭವಾಗುವ ಉಬ್ಬಿನ ಹಿಂದಿನಿಂದ ಮುಂಗಾಲುಗಳ ಹಿಂಬದಿಗೆ ಹಾಯುವಂತೆ ಎದೆಯ ಸುತ್ತ ಹುರಿಯೊಂದನ್ನು ಸುತ್ತಿ, ಅದು ಉಸಿರು ಬಿಟ್ಟಾಗ ಹುರಿಗೆ ಗುರುತು ಮಾಡಿಕೊಳ್ಳಬೇಕು. ದರ್ಜಿಯ ಟೇಪು 150 ಸೆಂ.ಮೀ.ಗೆ ಮುಗಿಯುತ್ತದೆ, ಬಡಗಿಯ ಟೇಪು ಸದ್ದು ಮಾಡಿ ಬೆದರಿಸುತ್ತದೆ, ಹುರಿಯೇ ಲೇಸು. ಬಳಿಕ ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗಿನ ಉದ್ದವನ್ನು ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ ಕಿಲೋಗಳಲ್ಲಿ ಸಿಗುತ್ತದೆ. ಸುತ್ತಳತೆ 150, ಉದ್ದ 130 ಸೆಂ.ಮೀ. ಇರುವ ಕುದುರೆ ಸುಮಾರು 246 ಕಿಲೋ ತೂಗುತ್ತದೆ. ಗಬ್ಬದ ಕುದುರೆಗೂ ಮರಿಗೂ ಈ ಲೆಕ್ಕ ಹೊಂದದು. ಕಬ್ಬು ತೂಗುವ ಕಾಟಾ ಹತ್ತಿರವಿದ್ದರೆ ಟೆಂಪೋವನ್ನು ಕುದುರೆಸಹಿತ ಒಮ್ಮೆ, ಖಾಲಿ ಒಮ್ಮೆ ತೂಗಿಸಿ ನಿಮ್ಮ ಹುರಿಯ ಲೆಕ್ಕವನ್ನು ತಾಳೆ ನೋಡಬಹುದು.

ತೂಕ ಎಷ್ಟೆಂದು ತಿಳಿದರೂ ಅದು ಹೆಚ್ಚೋ ಕಡಿಮೆಯೋ ಎಂಬುದನ್ನು ಕೈಯೇ ಹೇಳಬೇಕು, ಏಕೆಂದರೆ ಚಳಿಗಾಲದ ದಟ್ಟ ಕೂದಲು ಪಕ್ಕೆಲುಬುಗಳನ್ನು ಕಣ್ಣಿಗೆ ಮರೆಮಾಡುತ್ತದೆ. ಅಮೆರಿಕದಲ್ಲಿ ಹೆನೆಕೆ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ 1ರಿಂದ 9ರವರೆಗಿನ ಅಳತೆಗೋಲು ಕುತ್ತಿಗೆ, ಬೆನ್ನಿನ ಉಬ್ಬು, ಭುಜದ ಹಿಂಬದಿ, ಪಕ್ಕೆ, ಸೊಂಟ, ಬಾಲದ ಬುಡ ಎಂಬ ಆರು ಕಡೆ ಕೊಬ್ಬನ್ನು ಮುಟ್ಟಿ ನೋಡಿಸುತ್ತದೆ; ಅದರಲ್ಲಿ ನಡುವಿನ 5 ಒಳ್ಳೆಯ ಸ್ಥಿತಿ. ಆರೂ ಕಡೆ ನೋಡಲು ಪುರುಸೊತ್ತಿಲ್ಲದಿದ್ದರೆ ಪಕ್ಕೆಯನ್ನಾದರೂ ಸವರಿ. ನಿಮ್ಮ ಮುಷ್ಟಿಯ ಗಿಣ್ಣುಗಳನ್ನು ಸವರಿದಂತಾದರೆ ಕುದುರೆ ಬಡಕಲು. ಬೆರಳು ಚಾಚಿದ ಕೈಯ ಮೇಲ್ಭಾಗದಂತೆ, ಎಲುಬು ಕಾಣದಿದ್ದರೂ ಬೆರಳಿಗೆ ಸಲೀಸಾಗಿ ಸಿಗುವಂತಿದ್ದರೆ ಸರಿ. ಒತ್ತಿದರೂ ಎಲುಬು ಸಿಗದಿದ್ದರೆ ಕೊಬ್ಬು ಮಿತಿಮೀರಿದೆ. ಕುತ್ತಿಗೆಯ ಮೇಲಂಚು ದಪ್ಪಗೆ ಗಟ್ಟಿಯಾಗಿದ್ದರೆ, ಜನ ಅದನ್ನು ಎಷ್ಟೇ ಹೊಗಳಲಿ, ನನಗಂತೂ ಗೊರಸಿನ ಉರಿಯೂತದ ಭಯವೇ ಮೊದಲು. ಬಡಕಲಾಗಿದ್ದರೆ ಕಡಲೆ ಹೆಚ್ಚಿಸುವ ಮೊದಲು ಬಾಯಿ ನೋಡಿಸಿ. ಹಲ್ಲಿನ ಅಂಚು ಚೂಪಾಗಿದ್ದರೆ ಅಗಿದ ಮೇವೇ ಹೊರಗೆ ಬೀಳುತ್ತದೆ.

ದಣಿವು ತಡೆಯುವ ಶಕ್ತಿಯನ್ನು ನಾಡಿಯಿಂದ ತಿಳಿಯಬಹುದು. ಕೆಳದವಡೆಯ ಮೂಳೆಯ ಒಳಬದಿಗೆ ಎರಡು ಬೆರಳಿಟ್ಟರೆ ಹುರಿಯಂತಹ ರಕ್ತನಾಳ ತಾಗುತ್ತದೆ. ಸುಮ್ಮನೆ ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44 ಬಾರಿ ಮಿಡಿಯುತ್ತದೆ. ದುಡಿಸಿ ತಂದು ನೆರಳಲ್ಲಿ ಕಾಲು ಗಂಟೆ ನಿಲ್ಲಿಸಿದ ಮೇಲೂ 60ಕ್ಕಿಂತ ಕೆಳಗಿಳಿಯದಿದ್ದರೆ, ಮರುದಿನದ ಹೊರೆಯನ್ನು ಇಳಿಸಿರಿ. ವಿಶ್ರಾಂತಿಯಲ್ಲೇ ಅಷ್ಟಿದ್ದರೆ ಪಶುವೈದ್ಯರನ್ನು ಅದೇ ದಿನ ಕರೆಸಿರಿ.